ಎಡಬಲದ ಅಂಜಿಕೆ

ಎಕ್ಸ್‌ರೇ ತೆಗೆಯುವಾಗ ರೋಗಿಯ ಜೊತೆಗೆ ತಾನೂ ಉಸಿರು ಬಿಗಿಹಿಡಿಯುವ ಮನುಷ್ಯನನ್ನು ನಾನು ಈವರೆಗೆ ಕಂಡದ್ದು ಒಬ್ಬನನ್ನೇ. "ಉಸ್ರು ಎಳ್ಕಳಿ... ಅಂಗೇ ಇಡ್ಕಳಿ... ಅಲ್ಲಾಡ್ಬ್ಯಾಡಿ" ಎಂದು ಸೀಸದ ತಗಡು ಹೊದಿಸಿದ ಅಡ್ಡಗೋಡೆಯ ಹಿಂದಿನಿಂದ ಹೇಳಿ, ಗುಂಡಿ ಒತ್ತಿ, ಯಂತ್ರ ಗುಂಯ್‌ಗುಟ್ಟಿ ಸುಮ್ಮನಾಗುವವರೆಗೂ ತಿಮ್ಮರಾಜು ಕೆನ್ನೆ ಉಬ್ಬಿಸಿಕೊಂಡು ನಿಂತಿರುತ್ತಿದ್ದ. ಆಮೇಲೆ "ಬುಡಿ" ಎನ್ನುವ ಒಂದು ಮಾತಿನಲ್ಲಿ ಇಬ್ಬರ ಉಸಿರೂ ಒಟ್ಟಿಗೆ ಹೊರಬೀಳುತ್ತಿತ್ತು. ದಿನಕ್ಕೆ ಮೂವತ್ತು ನಲವತ್ತು ಸಲ ಹೀಗೆ ಉಸಿರುಗಟ್ಟುತ್ತಿದ್ದುದರಿಂದಲೋ ಏನೋ, ಐವತ್ತು ತುಂಬುವ ಮೊದಲೇ ಅವನ ಮುಖದಲ್ಲಿ ಮುಳುಗಿ ಎದ್ದು ಬಂದವನ ಗಾಬರಿಯೊಂದು ಶಾಶ್ವತವಾಗಿ ನೆಲೆಸಿಬಿಟ್ಟಿತ್ತು.

ತಿಮ್ಮರಾಜು ಕೃಷ್ಣರಾಜಪೇಟೆಯ ಕಾಲೇಜಿನಲ್ಲಿ ನನ್ನ ಶಿಷ್ಯನಾಗಿದ್ದವನು. ಅರಕೆರೆಯ ಚಿಕ್ಕಸ್ವಾಮಿ ಗೌಡರ ಮಗ. ನಾಲೆಯ ನೀರು, ಗದ್ದೆ, ಕಬ್ಬು ಎಲ್ಲವೂ ಇದ್ದ ಮನೆತನ. ಕಬ್ಬಿನ ತೋಟದಲ್ಲಿ ಹಾವಿಗೆ ಹೆದರಿ ಈತ ಓದಿಗೆ ಬಿದ್ದ ಎಂದು ಅವರಪ್ಪನೇ ನನ್ನೆದುರು ನಕ್ಕಿದ್ದುಂಟು. ತರಗತಿಯಲ್ಲಿ ಬಾಗಿಲ ಪಕ್ಕದ ಬೆಂಚು, ರಸ್ತೆಯಲ್ಲಿ ಗೋಡೆಯಂಚಿನ ನಡಿಗೆ, ಬಸ್ಸಿನಲ್ಲಿ ಕಂಡಕ್ಟರನ ಹಿಂದಿನ ಸೀಟು: ಇವು ಅವನ ನೆಲೆಗಳು. ಬೇಸಿಗೆಯಲ್ಲೂ ತೋಳಿಲ್ಲದ ಕಂದು ಸ್ವೆಟರೊಂದನ್ನು ಅಂಗಿಯ ಮೇಲೆ ತೊಟ್ಟಿರುತ್ತಿದ್ದ. ಯಾವ ಪ್ರಶ್ನೆ ಕೇಳಿದರೂ "ತಡೀರಿ ಮೇಷ್ಟ್ರೇ, ಇನ್ನೊಂದ್ ಕಿತ ನೋಡ್ಬುಡನ" ಎಂಬುದೇ ಅವನ ಮೊದಲ ಉತ್ತರ. ಮನೆಯಿಂದ ಹೊರಟವನು ಬೀಗ ನೋಡಲು ಎರಡು ಸಲ ಹಿಂತಿರುಗುತ್ತಾನೆ, ಮೂರನೆಯ ಸಲಕ್ಕೆ ಅವನ ಹೆಂಡತಿ ಪವಿತ್ರ ಒಳಗಿನಿಂದಲೇ "ನಾನ್ ಮನೇಲೇ ಇವ್ನಿ, ಬೀಗ ಯಾಕೆ?" ಎಂದು ಕೂಗುತ್ತಾಳಂತೆ.

ನಿವೃತ್ತನಾಗಿ ಪಾಂಡವಪುರಕ್ಕೆ ಬಂದು ನೆಲೆಸಿದ ಮೇಲೆ ಭುಜದ ನೋವಿಗೆಂದು ಡಾಕ್ಟರ್ ಸ್ಮೃತಿಯವರ ಚಿಕ್ಕ ಆಸ್ಪತ್ರೆಗೆ ಹೋದಾಗ ಅವನು ಮತ್ತೆ ಸಿಕ್ಕಿದ. ಅಂದಿನಿಂದ ಸಂಜೆಯ ತಿರುಗಾಟಕ್ಕೆ ನನಗೆ ಜೊತೆಯಾದ. ಹಾಗೆ ನಡೆಯುತ್ತ ನಡೆಯುತ್ತ, ಅವನ ಅಂಜಿಕೆ ಹುಟ್ಟುಗುಣ ಮಾತ್ರವಲ್ಲ, ಅದಕ್ಕೊಂದು ಊರು, ಒಂದು ಹೆಸರು ಇದೆ ಎಂಬುದು ನನಗೆ ತಿಳಿಯಿತು.

ಊರು ದೇವಲಾಪುರ, ಹೆಸರು ಮಂಚಮ್ಮ. ಹದಿನಾಲ್ಕು ವರ್ಷದ ಹಿಂದೆ ತಿಮ್ಮರಾಜು ನಾಗಮಂಗಲದಲ್ಲಿ ಒಬ್ಬ ವೈದ್ಯರ ಬಳಿ ಕೆಲಸಕ್ಕಿದ್ದ. ಒಂದು ಬೆಳಿಗ್ಗೆ ಅಲ್ಲಿಯ ಕಂಪ್ಯೂಟರು ಹೊಸ ತಂತ್ರಾಂಶ ಹಾಕಿಕೊಳ್ಳಲೇ ಎಂದು ಕೇಳಿತು. ಅವನು ಹೌದು ಎಂದು ಒತ್ತಿದ. ಅದೇ ದಿನ ಮಧ್ಯಾಹ್ನ, ಜಗಲಿಯಿಂದ ಬಿದ್ದು ಎರಡೂ ಕಾಲು ಊದಿಸಿಕೊಂಡ ಮುದುಕಿಯೊಬ್ಬಳನ್ನು ಹೊತ್ತು ತಂದರು. ಎರಡೂ ಪಾದಗಳನ್ನು ಒಟ್ಟಿಗಿಟ್ಟು ತೆಗೆದ ಚಿತ್ರ ಹೊಸ ತಂತ್ರಾಂಶದ ದೆಸೆಯಿಂದ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಂದಿತ್ತು. ಬಿರುಕು ಬಿಟ್ಟದ್ದು ಬಲಗಾಲು. ಚಿತ್ರದಲ್ಲಿ ಬಿರುಕು ಕಂಡದ್ದು ಎಡಗಾಲಿನಲ್ಲಿ. ಪಟ್ಟಿ ಎಡಗಾಲಿಗೆ ಬಿತ್ತು. ಮಂಚಮ್ಮ ಮುರಿದ ಕಾಲನ್ನೇ ಊರಿಕೊಂಡು ಹನ್ನೊಂದು ದಿನ ನಡೆದಳು. ತಪ್ಪು ಗೊತ್ತಾಗುವ ಹೊತ್ತಿಗೆ ಎಲುಬು ಸೊಟ್ಟಗೆ ಕೂಡಿಕೊಂಡಿತ್ತು.

"ಅಯಮ್ಮ ನನ್ನ ಬಯ್ಲಿಲ್ಲ ಮೇಷ್ಟ್ರೇ," ಎಂದ ತಿಮ್ಮರಾಜು, ನಾಲೆಯ ಏರಿಯ ಮೇಲೆ ನಿಂತು. "ನಿನ್ನ ಮಿಷಿನ್ನು ತಪ್ಪು ಮಾಡುದ್ರೆ ನೀನೇನ್ಲಾ ಮಾಡಿಯೆ ಮಗ, ಅಂದ್ಲು. ಬಯ್ದಿದ್ರೆ ಎಷ್ಟೋ ಸಮಾಧಾನ ಆಯ್ತಿತ್ತು. ಒತ್ತಿದ್ ಬೆಳ್ಳು ನಂದಲ್ವಾ?"

ಅವನು ಬಲಗೈಯ ತೋರುಬೆರಳನ್ನು ನನಗೆ ತೋರಿಸಿದ. ಮಂಚಮ್ಮ ಬದುಕಿದ್ದಷ್ಟು ಕಾಲವೂ ಅವನು ವರ್ಷಕ್ಕೊಮ್ಮೆ ದೇವಲಾಪುರಕ್ಕೆ ಹೋಗಿ, ಅವಳು ಕುಂಟುತ್ತ ಬಾಗಿಲಿಗೆ ಬರುವುದನ್ನು ನೋಡಿ, ಕೊಟ್ಟ ಮಜ್ಜಿಗೆ ಕುಡಿದು ಬರುತ್ತಿದ್ದ.

ಇಂಥವನ ಎದುರಿಗೆ ಹೋದ ವರ್ಷ ದಸರೆ ಕಳೆದ ಮೇಲೆ ಮತ್ತೊಂದು ಪ್ರಶ್ನೆ ಬಂದು ನಿಂತಿತು. ಆಸ್ಪತ್ರೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮು ಹಳತಾಯಿತೆಂದೂ, ಇನ್ನು ಮುಂದೆ ಅದಕ್ಕೆ ರಕ್ಷಣೆ ಇಲ್ಲವೆಂದೂ, ಹೊಸದಕ್ಕೆ ಬದಲಾಯಿಸಿಕೊಳ್ಳಬೇಕೆಂದೂ ಪರದೆಯ ಮೇಲೆ ದಿನವೂ ಒಂದು ನೀಲಿ ಚೌಕ ಮೂಡತೊಡಗಿತು. ಅದರ ಕೆಳಗೆ ಎರಡು ಗುಂಡಿಗಳು: ಈಗ, ಆಮೇಲೆ. ತಿಮ್ಮರಾಜು ಒಂದನ್ನೂ ಒತ್ತುತ್ತಿರಲಿಲ್ಲ. ಚೌಕವನ್ನು ಹಾಗೆಯೇ ಪರದೆಯ ಮೂಲೆಗೆ ಎಳೆದಿಟ್ಟು, ಮಲಗಿದ ನಾಯಿಯನ್ನು ದಾಟುವವನಂತೆ ಅದರ ಪಕ್ಕದಲ್ಲಿ ಕೆಲಸ ಮಾಡಿಕೊಳ್ಳುತ್ತಿದ್ದ.

ಇದು ಹಟವಲ್ಲ. ಅವನ ಕೋಣೆಯ ಕ್ರಮವನ್ನು ತಿಳಿದರೆ ಅಂಜಿಕೆಯ ಕಾರಣವೂ ತಿಳಿಯುತ್ತದೆ. ಕ್ಯಾಸೆಟ್ಟು ಎಂದು ಅವನು ಕರೆಯುವ ಚಪ್ಪಟೆ ಹಲಗೆಯನ್ನು ರೋಗಿಯ ಮೈಗೆ ಆನಿಸಿ ಕಿರಣ ಹಾಯಿಸುತ್ತಾನೆ. ಆಮೇಲೆ ಅದನ್ನು ಓದುವ ಯಂತ್ರಕ್ಕೆ ತೂರಿಸುತ್ತಾನೆ. ಯಂತ್ರ ಓದಿದ್ದನ್ನು ಕಂಪ್ಯೂಟರು ಚಿತ್ರ ಮಾಡಿ ತೋರಿಸುತ್ತದೆ. ಓದಿ ಮುಗಿದೊಡನೆ ಹಲಗೆಯ ಮೇಲಿನದು ಅಳಿದುಹೋಗುತ್ತದೆ. ಓದುವ ಯಂತ್ರ ಹನ್ನೆರಡು ವರ್ಷ ಹಳೆಯದು. ಹೊಸ ಸಿಸ್ಟಮ್ಮಿನ ಜೊತೆ ಅದು ಮಾತೇ ಆಡದಿದ್ದರೆ ಒಂದು ಕಷ್ಟ; ಮಾತಾಡಿಯೂ ತಪ್ಪು ಮಾತಾಡಿದರೆ ಇನ್ನೂ ದೊಡ್ಡ ಕಷ್ಟ. ಇತ್ತ ಬದಲಾಯಿಸದೆ ಕೂತರೂ ಕ್ಷೇಮವಿಲ್ಲ. ಎಲ್ಲೋ ಒಂದು ಊರಿನ ಆಸ್ಪತ್ರೆಗೆ ಕಳ್ಳ ತಂತ್ರಾಂಶ ನುಗ್ಗಿ ರೋಗಿಗಳ ಚಿತ್ರಗಳನ್ನೆಲ್ಲ ಬೀಗ ಹಾಕಿಟ್ಟಿತೆಂಬ ಸುದ್ದಿಯನ್ನು ಅವನು ಪತ್ರಿಕೆಯಿಂದ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದ.

ಡಾಕ್ಟರ್ ಸ್ಮೃತಿ ನಿರ್ಧಾರವನ್ನು ಅವನಿಗೇ ಬಿಟ್ಟಿದ್ದರು. "ತಿಮ್ಮರಾಜು ಅವರೇ, ಆ ಕೋಣೆ ನಿಮ್ಮದು. ನೀವು ಹೇಳಿದ ದಿನ ಮಾಡಿಸೋಣ" ಎಂದರಂತೆ. ಗೌರವದಿಂದ ಆಡಿದ ಈ ಮಾತು ಅವನಿಗೆ ಶಿಕ್ಷೆಯಂತೆ ಕೇಳಿಸಿತು. ಯಂತ್ರ ನೋಡಿಕೊಳ್ಳುವ ಇಂಜಿನಿಯರು, ಮೈಸೂರಿನ ರವೀಂದ್ರ ಎಂಬವರು, ಫೋನಿನಲ್ಲಿ ಪ್ರತಿಸಲವೂ "ಏನೂ ಆಗಲ್ಲ ಸಾರ್" ಎನ್ನುತ್ತಿದ್ದರು. "ನಾಗಮಂಗ್ಲದಲ್ಲೂ ಇದೇ ಮಾತು ಅಂದಿದ್ರು" ಎಂದು ತಿಮ್ಮರಾಜು ನನ್ನೆದುರು ಗೊಣಗುತ್ತಿದ್ದ. ಅನ್ನ ಸೇರದೆ ಸ್ವೆಟರು ಸಡಿಲವಾಯಿತು. ಪವಿತ್ರ ಒಂದು ದಿನ ನಮ್ಮ ಮನೆಗೇ ಬಂದಳು. "ನೀವಾದ್ರೂ ಯೋಳಿ ಮೇಷ್ಟ್ರೇ. ಊಟ್ಕೆ ಕೂತಾಗ್ಲೂ ತಟ್ಟೆ ಬುಟ್ಟು ಬೆಳ್ಳು ನೋಡ್ಕತಾ ಕೂತಿರ್ತಾರೆ. ನಂಗೆ ದಿಗಿಲಾಯ್ತದೆ."

ನಾನು ಹೇಳಿದೆ. ಮಾಡಿಸಿಬಿಡು ಎಂದೆ, ಮರುದಿನ ಅವನ ಮುಖ ನೋಡಿ ಬೇಡ ಬಿಡು ಎಂದೆ.

ಕಡೆಗೆ ಉತ್ತರ ತಂದವಳು ಪುಟ್ಟತಾಯಮ್ಮ ಎಂಬ ರೋಗಿ. ಕಬ್ಬಿನ ಟ್ರಾಕ್ಟರಿನಿಂದ ಜಾರಿ ಸೊಂಟಕ್ಕೆ ಪೆಟ್ಟಾಗಿತ್ತು. ನಾಲ್ಕು ಜನ ಹಿಡಿದು ಮೇಜಿನ ಮೇಲೆ ಮಲಗಿಸುವಾಗ ಅವಳು ಕೂಗಿದ ಕೂಗು ಬೀದಿಗೆ ಕೇಳಿಸಿತಂತೆ. ತಿಮ್ಮರಾಜು ಕಿರಣ ಹಾಯಿಸಿ, ಕ್ಯಾಸೆಟ್ಟನ್ನು ಯಂತ್ರಕ್ಕೆ ತೂರಿಸಿದ. ಯಂತ್ರ ಓದತೊಡಗಿತು. ಅಷ್ಟರಲ್ಲಿ ಹಳೆಯ ಕಂಪ್ಯೂಟರಿನ ಪರದೆ ಇದ್ದಲ್ಲೇ ನಿಂತುಹೋಯಿತು. ನಿಲ್ಲಿಸಿ, ಮತ್ತೆ ಎಬ್ಬಿಸಿ, ಕಾದು ನೋಡುವ ಹೊತ್ತಿಗೆ ಅರ್ಧ ಗಂಟೆ. ಚಿತ್ರ ಎಲ್ಲಿಯೂ ಇರಲಿಲ್ಲ, ಹಲಗೆಯೂ ಖಾಲಿ. ಅವಳನ್ನು ಮತ್ತೆ ಹೊರಳಿಸಬೇಕಾಯಿತು. ಮತ್ತೆ ಅದೇ ಕೂಗು.

"ಕ್ಷಮ್ಸಿ ಕಣವ್ವ, ಇನ್ನೊಂದ್ ಕಿತ" ಎಂದು ತಿಮ್ಮರಾಜು ಕೈಮುಗಿದನಂತೆ.

"ನೀನ್ಯಾಕಪ್ಪ ಅಳ್ತಿದ್ದೀಯೆ, ನೋವು ನಂಗಲ್ವಾ?" ಎಂದಳಂತೆ ಅವಳು.

ಆ ಸಂಜೆ ಅವನು ನಡೆಯಲು ಬರಲಿಲ್ಲ. ನಾನೇ ಆಸ್ಪತ್ರೆಗೆ ಹೋದೆ. ಆರಿದ ಪರದೆಯ ಮುಂದೆ ಕೂತಿದ್ದವನು ತಲೆಯೆತ್ತದೆ ಹೇಳಿದ: "ಒತ್ತಿದ್ರೆ ತಪ್ಪಾಯ್ತದೆ ಅಂತ ಎದ್ರಿದ್ದೆ ಮೇಷ್ಟ್ರೇ. ಒತ್ತದೆ ಇದ್ದಿದ್ದೂ ತಪ್ಪೇ ಆಯ್ತು. ಬರಾ ಭಾನುವಾರ ಮಾಡ್ಸ್‌ಬುಡ್ತೀನಿ. ನೀವು ಬತ್ತೀರಾ? ಒಬ್ನೇ ಇರಾಕೆ ನನ್ ಕೈಲಾಗಲ್ಲ."

ಭಾನುವಾರ ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚಿತ್ತು. ರವೀಂದ್ರ ಬಂದರು, ನಲವತ್ತೈದರ ಆಸುಪಾಸಿನ, ತಾಳ್ಮೆಯ ಮನುಷ್ಯ. ಹಳೆಯ ಚಿತ್ರಗಳನ್ನೆಲ್ಲ ಬೇರೆ ಕಡೆ ಉಳಿಸಿಟ್ಟು ಕೆಲಸ ಶುರುಮಾಡಿದರು. ಹೊಸ ಸಿಸ್ಟಮ್ಮು ಏರುವುದಕ್ಕೆ ಮೂರು ಗಂಟೆ ಹಿಡಿಯಿತು. ಪರದೆಯ ಮೇಲೆ ಚುಕ್ಕಿಗಳ ಬಳೆಯೊಂದು ತಿರುಗುತ್ತಲೇ ಇತ್ತು. ಒಂದು ಸಲ ಇಡೀ ಪರದೆ ಕಪ್ಪಾಗಿ ಬಹಳ ಹೊತ್ತು ಹಾಗೆಯೇ ಉಳಿದಾಗ ತಿಮ್ಮರಾಜು ನನ್ನ ಮುಂಗೈ ಹಿಡಿದುಕೊಂಡ. ಕೊನೆಗೆ ಬೆಳಕು ಬಂತು. ಓದುವ ಯಂತ್ರವೂ ಮಾತಾಡಿತು.

"ನಾಳೆ ಮೊದಲ ಪೇಷೆಂಟಿಗೆ ತೆಗೆದು ನೋಡಿ ಸಾರ್, ಮುಗೀತು" ಎಂದು ರವೀಂದ್ರ ಬ್ಯಾಗು ಮುಚ್ಚಲು ಹೊರಟರು.

"ಇಲ್ಲ," ಎಂದ ತಿಮ್ಮರಾಜು. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. "ಬೇರೆಯವ್ರ ಮೈಮೇಲೆ ನೋಡಾದು ಬ್ಯಾಡ. ನಂದೇ ತೆಗೀರಿ."

ಎಷ್ಟು ಕಿರಣ ತಗುಲಿತೆಂದು ಅಳೆಯುವ ಚಿಕ್ಕ ಬಿಲ್ಲೆಯೊಂದು ಅವನ ಎದೆಯ ಮೇಲೆ ಸದಾ ಇರುತ್ತದೆ. ಅದನ್ನು ಬಿಚ್ಚಿ ಮೇಜಿನ ಡ್ರಾಯರಿನಲ್ಲಿಟ್ಟ. ಸ್ವೆಟರು ತೆಗೆದ. "ಇದು ರೂಲ್ಸಿಗೆ ತಪ್ಪು ಮೇಷ್ಟ್ರೇ, ನಂಗೊತ್ತು" ಎಂದು ತಾನೇ ಹೇಳಿದ. ರವೀಂದ್ರ ಕಂಪ್ಯೂಟರಿನ ಮುಂದೆ ಕೂರಬೇಕಿತ್ತು. ಅಡ್ಡಗೋಡೆಯ ಹಿಂದೆ ನಿಂತು ಗುಂಡಿ ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ಪುಸ್ತಕದ ಹಾಳೆ ತಿರುವಿದ್ದರ ಹೊರತು ಬೇರೇನನ್ನೂ ಮಾಡದ ನನ್ನ ಬೆರಳು ಆ ಗುಂಡಿಯ ಮೇಲೆ ಕೂತಾಗ ನನಗೆ ಮೊದಲ ಬಾರಿಗೆ ಅವನ ಹದಿನಾಲ್ಕು ವರ್ಷಗಳು ಅರ್ಥವಾದವು. "ಒತ್ತಿ ಮೇಷ್ಟ್ರೇ" ಎಂದು ಅತ್ತಲಿಂದ ಅವನ ದನಿ ಬಂತು. ಒತ್ತಿದೆ.

ಕೈ ಸರಿಯಾಗಿ ಬಂತು. ಪಾದಗಳು ಸರಿಯಾಗಿ ಬಂದವು. ಅವುಗಳನ್ನು ಅವನು ಬಹಳ ಹೊತ್ತು ನೋಡಿದ. ಮಂಡಿ, ಎದೆ, ಸೊಂಟ, ಎಲ್ಲವೂ ಸರಿ. ರವೀಂದ್ರ ಗಡಿಯಾರ ನೋಡಿಕೊಂಡರು. "ಸಾಕು ಬಿಡಿ ಸಾರ್, ನಿಮ್ಮ ಮೈಗೂ ಒಳ್ಳೇದಲ್ಲ" ಎಂದರು. ನಾನೂ ಸಾಕೆಂದೆ.

"ಎಲ್ಲಾ ನಮೂನೇದೂ ನೋಡ್ಬೇಕು. ಅವತ್ತೂ ತಪ್ಪಿದ್ದು ಒಂದ್ರಲ್ಲೇಯ."

ಆರನೆಯದು ಕೊರಳಿನ ಕೆಳಗೆ ಎರಡೂ ಭುಜಗಳನ್ನು ಸೇರಿಸಿ ತೆಗೆಯುವ ಚಿತ್ರ. ಅದು ಪರದೆಯ ಮೇಲೆ ಬಂತು. ಸ್ಪಷ್ಟವಾಗಿತ್ತು, ಸುಂದರವಾಗಿಯೂ ಇತ್ತು. ಹಕ್ಕಿ ರೆಕ್ಕೆ ಬಿಚ್ಚಿದಂತೆ ಎರಡು ಕೊರಳೆಲುಬುಗಳು. ರವೀಂದ್ರ ತಲೆಯಾಡಿಸಿದರು. ತಿಮ್ಮರಾಜು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದವನು ಅರ್ಧಕ್ಕೇ ನಿಂತ.

"ಸಾರ್," ಎಂದ, ಬಲು ಮೆಲ್ಲಗೆ. "ಪಿಯೂಸಿ ಓದ್ವಾಗ ಸೈಕಲ್ಲಿಂದ ಬಿದ್ದು ನನ್ ಈ ಎಲುಬು ಮುರ್ದಿತ್ತು. ಅದು ಬಲಗಡೆ. ಇಲ್ಲಿ ನೋಡಿ, ಎಡಗಡೆ ಅಂತ ತೋರುಸ್ತಾ ಅದೆ."

ಹಳೆಯ ಮುರಿತ ಕೂಡಿಕೊಂಡ ಗಂಟು ಚಿತ್ರದಲ್ಲಿ ಎಡ ಎಂದು ಗುರುತು ಹಾಕಿದ ಕಡೆಯಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ರವೀಂದ್ರ ಅವನ ಭುಜವನ್ನು ಮುಟ್ಟಿ ನೋಡಿದರು. ಬಲಗಡೆಯ ಎಲುಬಿನ ಮೇಲೆ ಆ ಗಂಟು ಬೆರಳಿಗೆ ಸಿಕ್ಕಿತು. ಅವರ ಮುಖ ಬಿಳಿಚಿತು. "ಸೆಟ್ಟಿಂಗು... ಇದೊಂದರಲ್ಲಿ ಉಲ್ಟಾ ಆಗಿದೆ" ಎಂದು ತೊದಲಿದರು. ಸರಿಪಡಿಸಲು ಐದು ನಿಮಿಷವೂ ಹಿಡಿಯಲಿಲ್ಲ. ತಿಮ್ಮರಾಜು ಮತ್ತೆ ಅಂಗಿ ಬಿಚ್ಚಿದ. ಅದನ್ನು ಎರಡನೆಯ ಸಲ ತೆಗೆಸಿದ. ಉಳಿದ ನಾಲ್ಕು ನಮೂನೆಗಳನ್ನೂ ಮುಗಿಸಿದ. ಎಲ್ಲವೂ ಸರಿಯಾಗಿದ್ದವು. ಆಮೇಲೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು, ಓಕರಿಸಿ ವಾಂತಿ ಮಾಡಿದ.

ಗೆದ್ದೆ ಎಂಬ ಭಾವ ಅವನಲ್ಲಿ ಆಗಲೂ ಹುಟ್ಟಲಿಲ್ಲ, ಈಗಲೂ ಇಲ್ಲ. "ಆವತ್ತು ನೋಡ್ದೆ ಬುಟ್ಟಿದ್ರೆ?" ಎಂದು ಈಗಲೂ ತಿರುಗಾಟದ ನಡುವೆ ನಿಂತು ಕೇಳುತ್ತಾನೆ. ಹೊಸ ಸಿಸ್ಟಮ್ಮು ಬಂದು ಇಷ್ಟು ತಿಂಗಳಾದರೂ, ಚಿತ್ರ ತೆಗೆಯುವ ಮೊದಲು ಪ್ರತಿಯೊಬ್ಬರಿಗೂ "ನೋವು ಯಾವ್ ಕಡೆ, ಕೈ ಮಡಗಿ ತೋರ್ಸಿ" ಎನ್ನುತ್ತಾನೆ. ಹಲವರಿಗೆ ಬೇಸರ, ಕೆಲವರಿಗೆ ನಗು. ಡಾಕ್ಟರಿಗೆ ಆ ಭಾನುವಾರದ ಸಂಗತಿಯನ್ನು ತಾನೇ ಹೇಳಿ ಬೈಸಿಕೊಂಡ. ಮೈಗೆ ತಗುಲಿದ ಕಿರಣಕ್ಕಾಗಿ ಅವರು ನಿಜವಾಗಿಯೂ ಕೋಪಿಸಿಕೊಂಡರು.

ಧೀರೋದಾತ್ತ ನಾಯಕನ ಲಕ್ಷಣಗಳನ್ನು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಆ ಪಟ್ಟಿಯಲ್ಲಿ ಅಂಜಿಕೆಗೆ ಜಾಗವಿರಲಿಲ್ಲ. ಈಗ ಯೋಚಿಸಿದರೆ, ನಮ್ಮ ಊರುಗಳ ದಿನಗಳು ಕ್ಷೇಮವಾಗಿ ಕಳೆಯುತ್ತಿರುವುದು ಧೀರರಿಂದಲ್ಲ, ಇಂಥ ಅಂಜುಬುರುಕರಿಂದಲೇ ಎನಿಸುತ್ತದೆ: ಔಷಧದ ಸೀಸೆಯ ಚೀಟಿಯನ್ನು ಎರಡು ಸಲ ಓದುವವರು, ರೈಲ್ವೆ ಗೇಟು ಹಾಕಿದ ಮೇಲೂ ಸರಪಳಿ ಎಳೆದು ನೋಡುವವರು, ತಂತಿ ಮುಟ್ಟುವ ಮೊದಲು ಕರೆಂಟು ಹೋಗಿದೆಯೇ ಎಂದು ಮೂವರನ್ನು ಕೇಳುವವರು. ಜಗತ್ತು ಇವರನ್ನು ಪುಕ್ಕಲರೆಂದು ನಗುತ್ತದೆ; ಮನೆಯವರು ಸಹಿಸಿಕೊಳ್ಳುತ್ತಾರೆ; ಅವರ ಸ್ವಂತ ಜೀವವಂತೂ ಸುಖವಾಗಿ ಒಂದು ತುತ್ತು ಉಣ್ಣಲಾರದು. ತಮ್ಮ ಅಂಜಿಕೆಯನ್ನು ಅವರು ಇನ್ನೊಬ್ಬರ ಮೈಯ ಸಲುವಾಗಿ ಹೊತ್ತಿರುತ್ತಾರಾದ್ದರಿಂದ ಅದನ್ನು ಇಳಿಸಿಡಲು ಅವರಿಗೆ ಎಲ್ಲಿಯೂ ಜಾಗವಿರುವುದಿಲ್ಲ. ಆದ ಅನಾಹುತಕ್ಕೆ ನೂರು ಸಾಕ್ಷಿಗಳು ಸಿಕ್ಕಾರು. ಇವರ ದೆಸೆಯಿಂದ ಆಗದೆ ಹೋದ ಅನಾಹುತಗಳು ಮಾತ್ರ ಯಾರಿಗೂ ತಿಳಿಯದೆ, ಒಂದು ಸಾಮಾನ್ಯ ಸೋಮವಾರದಂತೆ ಕಳೆದುಹೋಗುತ್ತವೆ.