ಕಾರಣ ಹೇಳದೆ ಸುಟ್ಟ ಮನೆ

ಮೆಕ್ಸಿಕೋದ ದಕ್ಷಿಣ ಗಡಿಯ ಆ ಊರಿನಲ್ಲಿ ಆಶ್ರಯ ಕೊಡುವ ಅಧಿಕಾರಿ ಒಕಾನ್ಯಾ ಬಹಳ ಶಿಸ್ತಿನ ಮನುಷ್ಯ. ಹೊಂಡುರಾಸ್‌ನಿಂದ ಓಡಿಬಂದ ತೋಮಸಾಳ ಮನೆಗೆ ಯಾರೋ ಬೆಂಕಿ ಹಚ್ಚಿದ್ದು ನಿಜ ಅಂತ ಒಪ್ಪಿದ. ವಾಪಸ್ ಹೋದರೆ ಕೊಲ್ಲುತ್ತಾರೆ ಅನ್ನುವುದನ್ನೂ ಒಪ್ಪಿದ, ಪಾಪ. ಯಾಕೆ ಅನ್ನುವುದೊಂದನ್ನು ಬಿಟ್ಟು; ಕಾರಣ ಸಾಬೀತಾಗದೆ ಆಶ್ರಯ ಕೊಡಲು ಕಾನೂನು ಒಪ್ಪುವುದಿಲ್ಲ.

"ಬೆಂಕಿ ಹಚ್ಚೋವಾಗ ಏನಾದ್ರೂ ಹೇಳಿದ್ರಾ, ದೋನ್ಯಾ ತೋಮಸಾ?" ಹೆಂಗಸರಿಗೆ ಮರ್ಯಾದೆಯ 'ದೋನ್ಯಾ' ಸೇರಿಸಿಯೇ ಕೇಳಿದ.

"ಇಲ್ಲ ಸ್ವಾಮಿ. ಸೀಮೆಎಣ್ಣೆ ಸುರಿದ್ರು, ಹಚ್ಚಿದ್ರು, ಹೋದ್ರು."

"ಮತ್ತೆ ನೀವು ಊರಿನ ನೀರಿನ ಸಮಿತಿ ಅಧ್ಯಕ್ಷೆ ಅಂತಲೇ ಸುಟ್ರು ಅಂತ ಹ್ಯಾಗೆ ಹೇಳ್ತೀರಿ? ಬರೀ ಪುಂಡಾಟಿಕೆ ಇರಬಹುದಲ್ಲ."

"ತಾಳೆ ತೋಟದ ಧಣಿಯ ನೀರಿನ ಕೊಳವೆಗೆ ನಾನು ಬೀಗ ಜಡಿದ ಮೂರನೇ ದಿನಕ್ಕೆ ಸುಟ್ರು!"

"ಅದು ತಾರೀಕು. ಕಾರಣ ಅಲ್ಲ."

ಅರ್ಜಿ ವಜಾ. ಹೌದಪ್ಪಾ, ತಪ್ಪು ತೋಮಸಾಳದೇ. ಮನೆ ಉರಿಯುವಾಗ ಓಡುವ ಬದಲು ನಿಂತು, "ಅಣ್ಣಂದಿರಾ, ಇದು ರಾಜಕೀಯವೋ, ಸ್ವಂತ ಹಗೆಯೋ? ಒಂದು ಚೀಟಿ ಬರೆದುಕೊಡಿ" ಅಂತ ಕೇಳಬೇಕಿತ್ತು. ಬುದ್ಧಿಯಿಲ್ಲದ ಹೆಂಗಸು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡಸೊಬ್ಬ ಕಾಗದ ಚಾಚಿದ. "ಅಮ್ಮಾ, ನಂಗೆ ಓದು ಬರಲ್ಲ. ಏನು ಬರೆದಿದೆ ನೋಡ್ತೀರಾ?"

ಕಿವಿ ಅರ್ಧ ಹರಿದಿದ್ದ ಆ ಮುಖವನ್ನು ಅವಳು ತನ್ನ ಮನೆ ಉರಿಯುವ ಬೆಳಕಿನಲ್ಲಿ ನೋಡಿದ್ದಳು. ಅವನಿಗೆ ಅವಳ ಗುರುತೇ ಇಲ್ಲ. ಕಾಗದ ಇಸಕೊಂಡು ಓದಿದಳು: ನೀರಿನ ಸಮಿತಿಯವರೆಂಬ ಕಾರಣಕ್ಕೇ ಧಣಿ ಅವರ ಮನೆಗಳನ್ನು ಸುಡಿಸುತ್ತಿದ್ದು, ಸುಡಲು ನಿರಾಕರಿಸಿದ ವಿಲ್ಮರ್‌ಗೆ ಪ್ರಾಣಭಯವಿದೆ. ಆಶ್ರಯ ಮಂಜೂರು.

ನಿರಾಕರಿಸಿದನಂತೆ, ಮಹಾನುಭಾವ! ತೋಮಸಾ ಅವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡೇ ಹೋದಳು.

"ಕಾರಣ ಇಲ್ಲಿ ನೀವೇ ಬರೆದಿದ್ದೀರಲ್ಲ ಸ್ವಾಮಿ!"

"ಅದು ಅವನ ಕಡತ, ದೋನ್ಯಾ."

"ಹಾಗಾದ್ರೆ ನನ್ನ ಕಡತಕ್ಕೂ ಬರಕೊಳ್ಳಿ. ನನ್ನ ಮನೆಗೆ ಹಚ್ಚಿದವನು ಇವನೇ. ಯಾಕೆ ಅಂತ ಇವನನ್ನೇ ಕೇಳಿ!"

ವಿಲ್ಮರ್ ಬಾಗಿಲ ಕಡೆ ನೋಡಿದ. ಆಮೇಲೆ ಅವಳನ್ನು ನೋಡಿದ. ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಹೌದು ಸಾರ್," ಅಂದ. "ಈಯಮ್ಮನ ಮನೆ ಸುಟ್ಟ ಮೇಲೇ ಇನ್ನೊಂದು ಸುಡೋಕೆ ಕೈ ಬರ್ಲಿಲ್ಲ. ನೀರಿಗೆ ಬೀಗ ಹಾಕಿದ್ದಕ್ಕೇ ಸುಡಿಸಿದ್ದು. ಧಣೀನೇ ಬಾಯಿಬಿಟ್ಟು ಹೇಳಿದ."

ತೋಮಸಾಳಿಗೆ ಹೋದ ಜೀವ ಬಂದಂತಾಯಿತು. ಒಕಾನ್ಯಾ ಒಂದಕ್ಷರ ಬಿಡದೆ ಬರೆದುಕೊಂಡ. ಬರೆದು ಮುಗಿಸಿ, ವಿಲ್ಮರನ ಕಾಗದ ಇಸಕೊಂಡು ಎರಡಾಗಿ ಹರಿದ. ಮನೆ ಸುಟ್ಟವನಿಗೆ ಆಶ್ರಯ ಕೊಡಲು ಕಾನೂನಿನಲ್ಲಿ ಜಾಗವಿಲ್ಲ.

"ಮತ್ತೆ ನಂದು?" ಅಂದಳು ತೋಮಸಾ.

"ಮನೆ ಸುಟ್ಟ ಪಾತಕಿ ಮಾತು ನಂಬ್ಕೊಂಡು ಕಾರಣ ಸಾಬೀತಾಯ್ತು ಅನ್ನೋಕಾಗುತ್ತಾ, ದೋನ್ಯಾ?" ಅಂದ ಒಕಾನ್ಯಾ, ನಾಳೆ ಹೊಂಡುರಾಸ್‌ಗೆ ವಾಪಸ್ ಹೊರಡುವ ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕದ ಸೀಟು ಬರೆಯುತ್ತ.