ಕಿವಿಯಲ್ಲಿ ಹೇಳಿದ ಹೆಸರು

ಗುಗ್ಗರಿಯ ಆವಿ ಕನ್ನಡಕಕ್ಕೆ ಹತ್ತಿ ಅಮೆರಿಕದ ಬಾಥೆಲ್‌ನ ಮಗನ ಅಡುಗೆಮನೆ ಬೆಳ್ಳಗಾಯಿತು, ಹಾಗೇ ಇರಲಿ ಎನಿಸಿತು ಕಮಲವ್ವನಿಗೆ, ಒರೆಸಿಕೊಂಡರೆ ಬೋಗುಣಿಯ ಕಡಲೆಯೆಲ್ಲ ಕಿವಿಗಳಂತೆ ಕಾಣುತ್ತವೆ, ಎದುರಿಗೆ ಬೀಗತಿಯ ಮುಖವೂ ಕಾಣುತ್ತದೆ — ಮೊಮ್ಮಗನ ತೊಟ್ಟಿಲಿಗೆಂದು ಫ್ರಾನ್ಸಿನ ಬ್ರಿಟನಿ ಸೀಮೆಯ ಕಡಲೂರಿನಿಂದ ಬಂದವಳು, ತನ್ನಂತೆಯೇ ಗಂಡನನ್ನು ಕಳೆದುಕೊಂಡವಳು — ಅರ್ಧ ಗಂಟೆಯ ಹಿಂದೆ ಅವಳ ಮಗಳೇ, ಸೊಸೆ ಸೊಲೆನ್, ನೀವೇ ಹೆಸರು ಹೇಳ್ಬೇಕು ಅತ್ತೆ ಎಂದಿದ್ದಳು, ಬ್ಯಾಡವ್ವ, ಗಂಡ ಸತ್ತಾಕಿ ತೊಟ್ಟಿಲ ಮುಟ್ಟಬಾರ್ದು ಎಂದಳು ಕಮಲವ್ವ, ನಮ್ಮ ಮನ್ಯಾಗ ಅದೆಲ್ಲ ಇಲ್ಲವ್ವ ಎಂದ ಮಗ ವಿನಯ, ಇಂಥ ಮರ್ಯಾದೆ ಯಾರು ಕೊಡುತ್ತಾರೆ, ಅದಕ್ಕೆ ತಾನು ಮಾಡಿದ್ದೇನು ಶಿವನೇ — ಬಾಗಿ ಆ ಪುಟ್ಟ ಕಿವಿಯಲ್ಲಿ ಕುರ್ರ್ ಎಂದಳು, ಹೆಂಗಸರು ಪದ್ಧತಿಯಂತೆ ಬೆನ್ನಿಗೆ ಗುದ್ದತೊಡಗಿದರು, ಗುದ್ದು ಸೊಲೆನ್, ಅತ್ತೀನ ಗುದ್ದೋ ಚಾನ್ಸ್ ಮತ್ತ ಸಿಗಂಗಿಲ್ಲ, ಪಕ್ಕದ ಮನೆಯ ಪೂರ್ಣಿಮಾಳ ಕೇಕೆ, ಆ ಗದ್ದಲದಲ್ಲಿ ಮಗ ಸೊಸೆ ಆರಿಸಿದ ಎರ್ವಾನ್ ಎಂಬ ಹೆಸರು ಹೇಳಬೇಕಾದ ನಾಲಿಗೆ ಶಿವಬಸಪ್ಪ ಎಂದಿತು, ಮೂರು ಸಲ, ನಲವತ್ತೆಂಟು ವರ್ಷ ಒಮ್ಮೆಯೂ ಬಾಯಲ್ಲಿ ತೆಗೆಯದ ಗಂಡನ ಹೆಸರು, ಆಸ್ಪತ್ರೆಯಲ್ಲಿ ಕೇಳಿದಾಗಲೂ ವಿನಯನೇ ಹೇಳಬೇಕಾಗಿತ್ತು, ಬಾಯಿ ತಪ್ಪಿ ಬಂತೇ, ಇಲ್ಲ, ಎಂಟು ದಿನದಿಂದ ಪೂಜೆಗೆ ಕುಳಿತಾಗಲೂ ಅದೇ ಯೋಚನೆ, ಫೋನಿನಲ್ಲಿ ಆರಿಸಿದ ಯಾವುದೋ ಷೋಕಿ ಹೆಸರಿಗಿಂತ ಮೊದಲು ಅಜ್ಜನ ಹೆಸರು ಕೂಸಿನೊಳಗೆ ಇಳಿಯಲಿ, ಯಾರಿಗೆ ಗೊತ್ತಾಗುತ್ತದೆ — ಈಗ ವಿನಯ ತಟ್ಟೆ ಹಿಡಿದು ಹೇಳುತ್ತಿದ್ದಾನೆ, ಎರ್ವಾನ್ ಅನ್ನೋದು ಸೊಲೆನ್‌ಳ ಅಪ್ಪನ ಹೆಸರವ್ವ, ಮೀನ ಹಿಡಿಲಾಕ ಹೋದವ್ರು ತಿರುಗಿ ಬರಲಿಲ್ಲ, ಹೆಣಾನೂ ಸಿಗಲಿಲ್ಲ, ಅಂದಿನಿಂದ ನಮ್ಮತ್ತಿ ಆ ಹೆಸರ ಬಾಯಾಗ ತಗದಿಲ್ಲ, ಎರ್ವಾನ್ ಅಂದ್ರ ಅವರ ಕಡೆ ಬಡವರ ಪರ ವಾದ ಮಾಡಿದ ಒಬ್ಬ ಶರಣ, ಗುಡಿ ಅಂಗಳದಾಗ ನೂರಾರು ವರ್ಷ ಹಸರ ಇರೋ ಒಂದು ಮರದಿಂದ ಬಂದ ಹೆಸರಂತ — ಶರಣ, ಕಮಲವ್ವನ ಕೈ ಎದೆಯ ಮೇಲಿನ ಲಿಂಗದತ್ತ ಹೋಗಿ ಅರ್ಧಕ್ಕೇ ನಿಂತಿತು, ಮುಟ್ಟುವ ಮುಖ ಎಲ್ಲಿದೆ, ಆ ಕೈಯನ್ನೇ ಬೀಗತಿ ಹಿಡಿದುಕೊಂಡು ಏನೋ ಕೇಳುತ್ತಾಳೆ, ಕೂಸು ಆ ಹೆಸರ ಕೇಳಿಸ್ಕೊಂತೇನು ಅಂತಾರವ್ವ, ವಿನಯ ತಿಳಿಸಿದ, ಹೇಳಿಬಿಡಬೇಕು, ಈಗಲೇ, ಆದರೆ ತಲೆ ಹೂಂ ಎಂದು ಆಡಿತು, ಕಡಲು ನುಂಗಿದವನನ್ನು ತಾನೂ ಒಮ್ಮೆ ನುಂಗಿದಳು — ಬೀಗತಿ ಕೂಸನ್ನೆತ್ತಿ ತಂದು ಮುಂದೆ ಹಿಡಿದಳು, ಇನ್ನೊಮ್ಮೆ ಹೇಳು, ನಾನೂ ಕೇಳುತ್ತೇನೆ ಎನ್ನುವಂತೆ, ಗುದ್ದುವವರಿಲ್ಲ, ಗದ್ದಲವಿಲ್ಲ, ಬಾಗಿದಳು, ಬಾಯಿ ತೆರೆಯಿತು, ಆ ಕಿವಿ, ಎಣ್ಣೆ ಹಚ್ಚಿದ, ಅಂಚು ಮಡಚಿದ, ಒಮ್ಮೆ ಕೇಳಿಸಿಕೊಂಡಿರುವ ಆ ಕಿವಿ