ಕುದರಿ ಮಾಳದ ಹಾಶಿಯಾ

ಕಲಬುರಗಿಯ ಹಳೆಯ ದಫ್ತರಗಳಲ್ಲಿರುವ ಉರ್ದು ಕಾಗದಗಳನ್ನು ಓದಬಲ್ಲವರು ಈಗ ಬೆರಳೆಣಿಕೆಯಷ್ಟು. ಅವರಲ್ಲೂ, ನಿಜಾಮರ ಕಾಲದ ಗುಮಾಸ್ತರು ಅವಸರದಲ್ಲಿ ಗೀಚಿದ, ಚುಕ್ಕೆಯಿಲ್ಲದ ಅಕ್ಷರಗಳನ್ನು ತಡವರಿಸದೆ ಓದುವವರು ಜಹೀರುದ್ದೀನ್ ಒಬ್ಬರೇ. ಈ ಮಾತನ್ನು ಬೇರೆಯವರು ಹೇಳುವ ಮೊದಲೇ ಅವರೇ ಹೇಳಿಬಿಡುತ್ತಿದ್ದರು. ರಿಕಾರ್ಡ್ ರೂಮಿನಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಗಾಜಿಪುರದ ಅವರ ಮನೆಗೆ ಕಾಗದ ಹಿಡಿದು ಬರುವವರು ತಪ್ಪಿರಲಿಲ್ಲ.

ಅವರದೊಂದು ಕಟ್ಟುನಿಟ್ಟಿತ್ತು. ಪುಟವನ್ನು ಓದಿದರೆ ಪೂರ್ತಿ ಓದಬೇಕು, ಮೇಲಿನ ಮೊಹರಿನಿಂದ ಕೆಳಗಿನ ಸಹಿಯವರೆಗೆ. ಅಂಚಿನಲ್ಲಿ ಸಣ್ಣಗೆ ಬರೆದ ಟಿಪ್ಪಣಿಯನ್ನೂ ಬಿಡುವಂತಿಲ್ಲ. ಅದಕ್ಕೆ ಅವರು ಹಾಶಿಯಾ ಎನ್ನುತ್ತಿದ್ದರು. ತಮಗೆ ಬೇಕಾದ ಸಾಲನ್ನಷ್ಟೇ ಓದಿಸಿಕೊಳ್ಳಲು ಬಂದ, ಹೊಲದ ಪಾಲಿಗಾಗಿ ಜಗಳವಾಡುವ ಎಷ್ಟೋ ಅಣ್ಣತಮ್ಮಂದಿರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದರು.

ಎರಡು ವರ್ಷದ ಹಿಂದೆ ಕುಸನೂರಿನಿಂದ ಮೃದುಲಾ ಬಂದಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕಮಲಾಪುರದ ಆಚೆ ಕುದರಿ ಮಾಳ ಅಂತೊಂದು ಹುಲ್ಲುಗಾವಲಿದೆ, ನಡುವೆ ಒಂದು ಕೊಳವಿದೆ. ಕಪನೂರಿನ ಕೈಗಾರಿಕಾ ಪ್ರದೇಶದಲ್ಲಿ ಜಾಗ ಸಾಲದೆ ಈಗ ಅಲ್ಲಿ ಕಾರ್ಖಾನೆಯ ಶೆಡ್ಡುಗಳನ್ನು ಎಬ್ಬಿಸಲು ಹೊರಟಿದ್ದಾರೆ ಎಂದಳು. ಈಗಿನ ಕಾಗದದಲ್ಲಿ ಅದು ಬರೀ ಬಂಜರು. ಹಿಂದೆ ಸರ್ಕಾರ ಅದನ್ನು ಮೀಸಲಿಟ್ಟಿತ್ತು ಎಂಬುದಕ್ಕೆ ಒಂದು ಪುಟ ಸಿಕ್ಕರೆ ಶೆಡ್ಡುಗಳನ್ನು ತಡೆಯಬಹುದಿತ್ತು.

"ಹುಲ್ಲಿಗೆ ಇಷ್ಟ್ಯಾಕ ಒದ್ದಾಡಾಕತ್ತೀ ಬೇಟಾ?" ಎಂದು ಜಹೀರುದ್ದೀನ್ ನಕ್ಕರು.

ಅವಳು ವಾದಕ್ಕೆ ಇಳಿಯಲಿಲ್ಲ. ಮರುದಿನ ಬೆಳಕು ಹರಿಯುವಾಗ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕೊಳದ ದಂಡೆಯ ಹುಲ್ಲಿನಲ್ಲಿ ಸುಮ್ಮನೆ ಕೂರಿಸಿದಳು. ಚಿಗರಿಗಳ, ಅಂದರೆ ಕೃಷ್ಣಮೃಗಗಳ ಹಿಂಡು ಬಂತು. ಒಂದು ಬಗ್ಗಿ ಕುಡಿಯುವಾಗ ಇನ್ನೊಂದು ಕತ್ತೆತ್ತಿ ಕಾಯುತ್ತಿತ್ತು. ಎದುರು ದಂಡೆಯಲ್ಲಿ ತೋಳವೊಂದು ಮೂರು ಮರಿಗಳನ್ನು ಕಟ್ಟಿಕೊಂಡು ತನ್ನ ಸರದಿಗಾಗಿ ಕುಳಿತಿತ್ತು. ಕಚೇರಿಯಲ್ಲಿ ಮೂವತ್ತೈದು ವರ್ಷ ದುಡಿದರೂ ಇಷ್ಟು ಶಿಸ್ತಿನ ಸರದಿಯನ್ನು ಜಹೀರುದ್ದೀನ್ ಕಂಡಿರಲಿಲ್ಲ. ಅಂದಿನಿಂದ ಅರವತ್ತೇಳರ ಆ ಮನುಷ್ಯನಿಗೆ ಮಾಳದ ಹುಚ್ಚು ಹಿಡಿಯಿತು. ತಿಂಗಳಿಗೆರಡು ಸಲ ಹೋಗದಿದ್ದರೆ ಅನ್ನ ಸೇರುತ್ತಿರಲಿಲ್ಲ.

ಬರುವಾಗ ಕಮಲಾಪುರದಲ್ಲಿ ಮಗಳು ಸನಾಳ ಮನೆಯಲ್ಲಿ ಚಹಾ. ಹಿಂದಿನ ಬೇಸಗೆಯಲ್ಲಿ ಏಳು ತಿಂಗಳ ಬಸುರಿಯಾಗಿದ್ದ ಸನಾ, ನೀರಿನ ಟ್ಯಾಂಕರಿನ ನೂಕುನುಗ್ಗಲಿನಲ್ಲಿ ಕೊಡದ ಸಮೇತ ಬಿದ್ದಿದ್ದಳು. ಕೂಸು ಉಳಿಯಲಿಲ್ಲ. ಅಪ್ಪ ಚಿಗರಿಯ ಕತೆ ಹೇಳಿ ಮುಗಿಸಿದ ಮೇಲೆ ಅವಳು, "ತೋಳಕ್ಕೂ ಕುಡಿಲಾಕ ನೀರದ ಅಂದಂಗಾತು" ಎಂದಷ್ಟೇ ಅಂದು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ರಿಕಾರ್ಡ್ ರೂಮಿನಲ್ಲಿ ನಾಲ್ಕು ತಿಂಗಳು ಧೂಳು ತಿಂದ ಮೇಲೆ ಪುಟ ಸಿಕ್ಕಿತು. ನಡುವಿನ ನಾಲ್ಕು ಸಾಲು ಚಿನ್ನದಂಥವು. ಈ ಮಾಳ ಸರ್ಕಾರಿ ಕುದುರೆಗಳ ಹುಲ್ಲಿಗೆ ಮೀಸಲು. ಇಲ್ಲಿ ಉಳುವಂತಿಲ್ಲ, ಅಗೆಯುವಂತಿಲ್ಲ, ಕಟ್ಟುವಂತಿಲ್ಲ. ಅಂಚಿನಲ್ಲಿ ಬೇರೆ ಯಾವನೋ ಗುಮಾಸ್ತ ಬರೆದಿದ್ದ: ಕೊಳದ ಈಶಾನ್ಯದ ಗಡಿಕಲ್ಲಿನಿಂದ ದಕ್ಷಿಣಕ್ಕೆ ನಲವತ್ತು ಗಜ ನಡೆದರೆ ಹನ್ನೆರಡು ಗಜ ಆಳದಲ್ಲಿ ಸೆಲೆಯ ಬಾಯಿದೆ, ಬರಗಾಲದಲ್ಲಿ ಆರುನೂರು ಕುದುರೆಗಳಿಗೆ ಅಲ್ಲಿಂದಲೇ ನೀರಾಯಿತು, ಬತ್ತಲಿಲ್ಲ. ಆ ಕೊಳ ಮಳೆನೀರಿನದು ಎಂದೇ ಅಲ್ಲಿಯವರೆಗೆ ಊರೆಲ್ಲ ತಿಳಿದಿತ್ತು.

"ಚಾಚಾ, ನಡುವಿನ ನಾಲ್ಕು ಸಾಲಷ್ಟ ಸಾಕ್ರೀ. ನಾಳೆ ಅರ್ಜಿ ಕೊಡೂದದ" ಎಂದಳು ಮೃದುಲಾ.

"ಅರ್ಧಾ ಪುಟ ಓದೂದು ಬೇಮಾನಿ. ಹಾಶಿಯಾ ಬಿಟ್ಟು ತರ್ಜುಮೆಗೆ ನಾ ಸಹಿ ಮಾಡಂಗಿಲ್ಲ."

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಗಜದ ಲೆಕ್ಕ ಈಗಿನವರಿಗೆ ಎಲ್ಲಿ ತಿಳಿಯಬೇಕು ಎಂದು ಅದನ್ನೆಲ್ಲ ಮೀಟರಿಗೆ ಇಳಿಸಿದರು. ಅದೂ ಸಾಲದೆ ಮಾಳಕ್ಕೆ ಹೋಗಿ, ಜಾಲಿ ಪೊದೆಯಲ್ಲಿ ಹೂತುಹೋಗಿದ್ದ ಗಡಿಕಲ್ಲನ್ನು ಹುಡುಕಿ, ಟೇಪು ಹಿಡಿದು ಅಳೆದು, ಸೆಲೆ ಇರುವಲ್ಲಿ ಕೆಂಪು ಶಾಯಿಯ ಗುರುತಿಟ್ಟು ಚೊಕ್ಕವಾದ ನಕಾಶೆ ಬರೆದು ಅರ್ಜಿಗೆ ಲಗತ್ತಿಸಿದರು. ಇದನ್ನೆಲ್ಲ ಮಾಡಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಬಲ್ಲವನು ತಾನೊಬ್ಬನೇ ಎಂಬ ಹಮ್ಮು ಕೈಯನ್ನು ಸುಮ್ಮನಿರಲು ಬಿಡಲಿಲ್ಲ, ಅಷ್ಟೇ.

ಎಂಟು ತಿಂಗಳ ಮೇಲೆ ಆದೇಶ ಬಂತು. ಕುದರಿ ಮಾಳ ಮೀಸಲು ಹುಲ್ಲುಗಾವಲೇ, ಶೆಡ್ಡು ಕಟ್ಟುವಂತಿಲ್ಲ. ಮೃದುಲಾ ಫೋನಿನಲ್ಲೇ ಅತ್ತಳು. ಜಹೀರುದ್ದೀನ್ ಗಾಜಿಪುರದ ಓಣಿಗೆಲ್ಲ ಪೇಡೆ ಹಂಚಿದರು.

ಈ ವರ್ಷ ಚಳಿಗಾಲದ ಕೊನೆಗೆ ಕಣ್ಣಿನ ಪೊರೆ ತೆಗೆಸಿಕೊಂಡ ಅವರು ಎರಡು ತಿಂಗಳು ಎಲ್ಲಿಗೂ ಹೋಗುವಂತಿರಲಿಲ್ಲ. ಮೃದುಲಾಳ ಫೋನೂ ಅಪರೂಪವಾಯಿತು. ಪರೀಕ್ಷೆಯ ಕೆಲಸವಿರಬೇಕು ಎಂದುಕೊಂಡರು. ಏಪ್ರಿಲಿನಲ್ಲಿ ಕಮಲಾಪುರದಿಂದ ಕರೆ ಬಂತು. ಊರಿನವರೆಲ್ಲ ಸೇರಿ ಸನ್ಮಾನ ಮಾಡುತ್ತಾರಂತೆ. ಹುಲ್ಲು ಉಳಿಸಿದವನಿಗೂ ಸನ್ಮಾನ ಮಾಡುವ ಕಾಲ ಬಂತಲ್ಲ ಎಂದು ಹಿಗ್ಗಿ, ಶೇರ್ವಾನಿಗೆ ಇಸ್ತ್ರಿ ಹಾಕಿಸಿಕೊಂಡು ಹೊರಟರು.

ವೇದಿಕೆಯ ಮೇಲೆ ನೀರಿನ ಯೋಜನೆಯ ಎಂಜಿನಿಯರ್ ಕೈಯಲ್ಲಿ ಅವರದೇ ನಕಾಶೆಯಿತ್ತು. ಒಳ್ಳೆಯ ಹುಡುಗ, ಹೃದಯ ತುಂಬಿಯೇ ಮಾತಾಡಿದ.

"ಹತ್ತು ಕಡೆ ಬೋರ್ ಹೊಡದ್ವಿ, ಎಲ್ಲಾ ಫೇಲ್ ಆದ್ವು. ಆಮ್ಯಾಲ ಫೈಲಿನಾಗ ಸಾಹೇಬರ ನಕಾಶೆ ಸಿಕ್ತು. ಕೆಂಪು ಗುರುತು ಇಟ್ಟಲ್ಲೇ ಬಾವಿ ತೋಡಿದ್ವಿ. ಹನ್ನೊಂದು ಮೀಟರಿಗೆ ಸೆಲಿ ಚಿಮ್ಮಿತು ನೋಡ್ರೀ! ಹದಿನೈದು ದಿನದಿಂದ ಊರಿಗೆ ಒಂದ ಟ್ಯಾಂಕರ್ ಬಂದಿಲ್ಲ."

ಚಪ್ಪಾಳೆ ನಿಲ್ಲಲೇ ಇಲ್ಲ. ಶಾಲು ಹೊದಿಸಿದರು, ಮಡಿಲಿಗೆ ಕೆಂಪು ಬಾಳೆಯ ಗೊನೆ ಇಟ್ಟರು. ಮುದುಕಿಯೊಬ್ಬಳು ವೇದಿಕೆ ಹತ್ತಿ ಬಂದು ಅವರ ಕೈಯನ್ನು ಕಣ್ಣಿಗೊತ್ತಿಕೊಂಡಳು. ಚಿಗರಿಗಳ ಕೊಳ ಕಣ್ಮುಂದೆ ಬಂದು ಜಹೀರುದ್ದೀನರಿಗೆ ಕೈ ಹಿಂದೆ ಎಳೆದುಕೊಳ್ಳಬೇಕೆನಿಸಿತು, ಧೈರ್ಯ ಬರಲಿಲ್ಲ.

ಹೊರಗೆ ಬಂದು ಮೃದುಲಾಗೆ ಫೋನ್ ಹಚ್ಚಿದರು. "ಮಾಳದಾಗೇ ಅದೀನಿ, ಬರ್ರಿ" ಎಂದಿತು ಆ ಕಡೆಯ ದನಿ. ಆಟೋ ಹತ್ತಿದರು.

ಶೆಡ್ಡುಗಳಿರಲಿಲ್ಲ. ಹುಲ್ಲಿತ್ತು, "ಸಂರಕ್ಷಿತ ಪ್ರದೇಶ" ಎಂಬ ಹೊಸ ಫಲಕವಿತ್ತು. ಗಡಿಕಲ್ಲಿನ ದಕ್ಷಿಣಕ್ಕೆ, ಸರಿಯಾಗಿ ಅವರು ಅಳೆದಲ್ಲೇ, ತಂತಿಬೇಲಿಯೊಳಗೆ ಪಂಪು ಗುಂಯ್‌ಗುಡುತ್ತಿತ್ತು. ಕೊಳದಲ್ಲಿ ನೀರಿರಲಿಲ್ಲ. ದಂಡೆ ಬಿರಿದಿತ್ತು, ನಡುವೆ ಮಾತ್ರ ಕೆಸರು. ಆ ಕೆಸರಿನಲ್ಲಿ ಹೆಣ್ಣು ಚಿಗರಿಯೊಂದು ಹೊಟ್ಟೆಯವರೆಗೆ ಹೂತು ನಿಂತಿತ್ತು. ಮೊಣಕಾಲವರೆಗೆ ಕೆಸರಾದ ಮೃದುಲಾ ಅದರ ಬಾಯಿಗೆ ಬಾಟಲಿ ಹಿಡಿದಿದ್ದಳು. ಅದು ಕುಡಿಯುತ್ತಿರಲಿಲ್ಲ. ಶೇರ್ವಾನಿಯ ಪರಿವೆಯಿಲ್ಲದೆ ಜಹೀರುದ್ದೀನ್ ಇಳಿದರು. ಅದರ ಎದೆಯಡಿ ಶಾಲು ತೂರಿಸಿ ಇಬ್ಬರೂ ಎಳೆದರು. ಹೊರಗೆ ಬಂದು ಮಲಗಿದ ಚಿಗರಿ ಎರಡು ಸಲ ಪಕ್ಕೆ ಆಡಿಸಿ ಸುಮ್ಮನಾಯಿತು.

"ಇದು ಆರನೇದು" ಎಂದಳು ಮೃದುಲಾ. "ತೋಳ ಎಲ್ಲಿಗಿ ಹೋಗ್ಯಾವೋ ಗೊತ್ತಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಏನ್ ಮಾಡ್ತಿದ್ರಿ? ಎಲ್ಲಾ ಕಡೆ ಅರ್ಜಿ ಕೊಟ್ಟೀನಿ. ಕುಡಿಯೋ ನೀರಿಗೆ ಯಾರೂ ತಡೆ ಕೊಡಂಗಿಲ್ಲ ಚಾಚಾ. ತಡೀರಿ ಅನ್ನಾಕ ನನಗೂ ಬಾಯಿ ಬರಂಗಿಲ್ಲ."

"ನಾ ತಪ್ಪು ಓದೀನಿ, ಹಾಶಿಯಾ ಸುಳ್ಳು ಅಂತ ಬರದು ಕೊಡ್ತೀನಿ." ಬದುಕಿಡೀ ಒಂದಕ್ಷರ ಸುಳ್ಳು ಓದದ ಮನುಷ್ಯನ ಬಾಯಿಂದ ಈ ಮಾತು ಸಲೀಸಾಗಿ ಬಂತು.

"ಹಂಗ ಬರದ್ರ ಪುಟಾನೇ ಸುಳ್ಳಾಗತದ. ಶೆಡ್ ಬರತಾವ. ನೀರಂತೂ ಸಿಕ್ಕಬಿಟ್ಟದ, ಅದನ್ನ ವಾಪಸ್ ಯಾರ್ ಕೊಡ್ತಾರ?"

ಅವಳು ಚಿಗರಿಯ ಪಕ್ಕ ಕುಳಿತೇ ಇದ್ದಳು. ಅವರು ಎದ್ದು ಹೊರಟರು.

ಕಮಲಾಪುರ ಮುಟ್ಟುವಾಗ ಬಿಸಿಲಿಗೆ ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಕೆಸರಾದ ಅಪ್ಪನನ್ನು ಕಂಡು ಸನಾ ಗಾಬರಿಯಾದಳು. ಆದರೂ ಅವಳ ಖುಷಿ ತಡೆಯಲಿಲ್ಲ.

"ಪಾನೀ ಆಯಾ ಅಬ್ಬಾ! ಮನೀ ಒಳಗ ನಳಾ ಬಂದದ. ಮುಂಜಾನಿ ಒಂದ್ ತಾಸು, ಸಂಜಿಗಿ ಒಂದ್ ತಾಸು. ಓಣ್ಯಾಗ ಎಲ್ಲಾರೂ ಏನಂತಾರ ಗೊತ್ತದೇನ್? ನಿಮ್ಮಪ್ಪ ತಂದ ನೀರು ಅಂತಾರ."

ಅವಳು ಒಂದು ಕೈಯಿಂದ ಹೊಟ್ಟೆ ಹಿಡಿದು ಬಗ್ಗಿ ನಲ್ಲಿ ತಿರುಗಿಸಿದಳು. ಮತ್ತೆ ಬಸುರಿ ಎಂದು ಜಹೀರುದ್ದೀನರಿಗೆ ಆಗ ತಿಳಿಯಿತು. ಲೋಟ ತುಂಬಿ ಕೈಗೆ ಕೊಟ್ಟು, ಕುಡಿಯುವುದನ್ನು ನೋಡಲು ಎದುರಿಗೇ ನಿಂತಳು.

ಕುಡಿಯಲಾರೆ ಎನ್ನಬೇಕೆಂದು ಅವರು ಬಾಯಿ ತೆರೆದರು. ಮಗಳ ಮುಖ ನೋಡಿದರು. ಆಮೇಲೆ ಒಂದೇ ಗುಟುಕಿಗೆ ಲೋಟ ಬರಿದು ಮಾಡಿದರು. ನೀರು ತಂಪಾಗಿತ್ತು, ಸಿಹಿಯಾಗಿತ್ತು. ದಾಹ ಆರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ, ಇನ್ನೊಂದು ಲೋಟ ಕೊಡು ಎಂದು ಕೈ ಚಾಚಿದರು.